ಕೋಡಿಂಗ್ ಬಾರದಿದ್ದರೂ ಓಪನ್ ಸೋರ್ಸ್‌ನಲ್ಲಿ ಕೆಲಸವಿದೆ

ಮೂಲ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು ಎಂಬ ಅನುಮತಿಯೊಂದಿಗೆ ಬರುವ ತಂತ್ರಾಂಶವೇ ಓಪನ್ ಸೋರ್ಸ್. ಲಿನಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. 1991ರಲ್ಲಿ ಅದನ್ನು ಆರಂಭಿಸಿದಾಗ ಲಿನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಈ ವಿಷಯ ಎತ್ತಿದರೆ ನಮ್ಮ ಕಾಮರ್ಸ್ ತರಗತಿಯವರು "ಅದೆಲ್ಲ ಪಿಸಿಎಂಸಿಯವರಿಗೆ ಬಿಡು" ಎನ್ನುತ್ತಾರೆ. ಆದರೆ ನಮಗೂ ಅಲ್ಲಿ ಕೆಲಸವಿದೆ.

ಗ್ನೂಕ್ಯಾಶ್ ಎಂಬುದು ಲೆಕ್ಕ ಬರೆಯುವ ಉಚಿತ ತಂತ್ರಾಂಶ. ನಾವು ಅಕೌಂಟೆನ್ಸಿಯಲ್ಲಿ ಓದುವ ಜೋಡಿ ನಮೂದು ಪದ್ಧತಿಯೇ ಅದರ ಅಡಿಪಾಯ: ಪ್ರತಿ ವ್ಯವಹಾರಕ್ಕೂ ಡೆಬಿಟ್ ಮತ್ತು ಕ್ರೆಡಿಟ್ ಸಮವಾಗಿರಬೇಕು. ಅದರ ಪರದೆಯ ಮೇಲಿನ ಪದಗಳನ್ನು ಬೇರೆ ಬೇರೆ ಭಾಷೆಗಳಿಗೆ ತರುವವರು ಸ್ವಯಂಸೇವಕರು. ಕನ್ನಡ, ಉರ್ದು ಎರಡಕ್ಕೂ ಅನುವಾದದ ಕಡತಗಳಿವೆ.

ಇಲ್ಲಿ ವಿಷಯ ಜ್ಞಾನ ಬೇಕು. 'ಪೋಸ್ಟ್' ಎಂಬ ಪದವನ್ನೇ ನೋಡಿ. ಲೆಕ್ಕ ಓದದವರು ಅದನ್ನು 'ಅಂಚೆ' ಎಂದುಕೊಂಡಾರು. ಅದು ಖಾತೆಗೆ ನಮೂದಿಸುವ ಕೆಲಸ ಎಂದು ನಮಗೆ ಗೊತ್ತು.

ಭಾಷೆಯೂ ನಮ್ಮ ಕೈಹಿಡಿಯುತ್ತದೆ. ನಮ್ಮ ಮನೆಮಾತು ಉರ್ದು. ಜಮಾ, ಖರ್ಚು, ಬಾಕಿ, ವಸೂಲಿ, ಅಸಲು, ರಸೀದಿ ಎಂಬ ಪದಗಳನ್ನು ಮನೆಯಲ್ಲೂ ಕೇಳುತ್ತೇನೆ, ಕನ್ನಡದ ಲೆಕ್ಕದಲ್ಲೂ ಓದುತ್ತೇನೆ. ಅರಬ್ಬಿ, ಫಾರ್ಸಿಯಿಂದ ಬಂದ ಇವು ಇಂದು ಕನ್ನಡದವೇ. ನಮ್ಮ ಅಬ್ಬಾ ಅಂಗಡಿಯ ಲೆಕ್ಕವನ್ನು ಉದ್ದನೆಯ ಪುಸ್ತಕದಲ್ಲಿ ಕನ್ನಡದಲ್ಲೇ ಬರೆಯುತ್ತಾರೆ. ಇಂಗ್ಲಿಷ್ ಪರದೆ ಕಂಡರೆ "ನೀನೇ ನೋಡು ಬೇಟಾ" ಎಂದು ಮೊಬೈಲನ್ನು ನನ್ನ ಕೈಗೆ ಕೊಡುತ್ತಾರೆ. ಅವರು ತಮ್ಮ ಲೆಕ್ಕವನ್ನು ಕಂಪ್ಯೂಟರ್‌ನಲ್ಲಿ ತಾವೇ ನೋಡಿಕೊಳ್ಳಬೇಕಾದರೆ ಪರದೆಯಲ್ಲಿ ಅಂಗಡಿಯ ಕನ್ನಡ ಇರಬೇಕು.

ಆರಂಭಿಸುವುದು ಹೀಗೆ:

1. ಮೊದಲು ತಂತ್ರಾಂಶವನ್ನು ಬಳಸಿ. ಪಠ್ಯದ ಒಂದು ಲೆಕ್ಕವನ್ನು ಅದರಲ್ಲಿ ಮಾಡಿ ನೋಡಿ.

2. ವೆಬ್ಲೇಟ್‌ನಲ್ಲಿ ಗ್ನೂಕ್ಯಾಶ್ ಹುಡುಕಿ, ಕನ್ನಡವನ್ನು ಆರಿಸಿ. ಒಂದು ಕಡೆ ಇಂಗ್ಲಿಷ್ ವಾಕ್ಯ, ಇನ್ನೊಂದು ಕಡೆ ಅನುವಾದ ಕಾಣುತ್ತದೆ.

3. ಐದು ಸಾಲುಗಳಿಂದ ಶುರುಮಾಡಿ. ಒಂದು ಪದಕ್ಕೆ ಎಲ್ಲ ಕಡೆಯೂ ಒಂದೇ ಅನುವಾದ ಇರಲಿ.

4. ವಾಕ್ಯದ ನಡುವೆ ಶೇಕಡಾ ಚಿಹ್ನೆಯ ಜೊತೆ ಒಂದು ಅಕ್ಷರ ಇದ್ದರೆ ಅದನ್ನು ಮುಟ್ಟಬೇಡಿ. ಹೆಸರು ಅಥವಾ ಮೊತ್ತ ಅಲ್ಲಿ ಬಂದು ಕೂರುತ್ತದೆ.

5. ಯಂತ್ರಾನುವಾದವನ್ನು ಹಾಗೆಯೇ ಅಂಟಿಸಬೇಡಿ. ಅರ್ಥ ಕೆಟ್ಟರೆ ಬಳಸುವವರ ಲೆಕ್ಕವೂ ಕೆಡುತ್ತದೆ.

6. ಪರಿಶೀಲಿಸುವವರು ಬದಲಾವಣೆ ಕೇಳಿದರೆ ಬೇಸರ ಬೇಡ. ಅವರೂ ಬಿಡುವಿನಲ್ಲಿ ಸಂಬಳವಿಲ್ಲದೆ ಕೆಲಸ ಮಾಡುವವರು, ಉತ್ತರ ತಡವಾಗಬಹುದು.

ಇದರಿಂದ ಹಣ ಬರುವುದಿಲ್ಲ, ಅಂಕವೂ ಹೆಚ್ಚುವುದಿಲ್ಲ. ಆದರೆ ಒಂದು ಪದವನ್ನು ಅನುವಾದಿಸಲು ಅದರ ಅರ್ಥವನ್ನು ಸರಿಯಾಗಿ ತಿಳಿಯಲೇಬೇಕು. 'ಮೀಸಲು' ಮತ್ತು 'ಅವಕಾಶ' ಎರಡರ ವ್ಯತ್ಯಾಸ ನನಗೆ ಸ್ಪಷ್ಟವಾದದ್ದು ಹೀಗೆ ಪದ ಹುಡುಕುವಾಗಲೇ. ಆಸಕ್ತಿ ಇರುವವರು ಊಟದ ಬಿಡುವಿನಲ್ಲಿ ಸಿಗಿ, ಅಕೌಂಟೆನ್ಸಿ ಪುಸ್ತಕವನ್ನೂ ತನ್ನಿ. ಕೂತು ಪದಗಳ ಒಂದು ಪಟ್ಟಿ ಮಾಡೋಣ.