ಒಂದು ಪೈಸೆಯಾದರೂ ಹಾಕಿರಬೇಕು

ತಂಗಿ, ನಿನ್ನೆ ಪುಣೆಯಿಂದ ಲೋಕಲ್ ಹಿಡಿದು ಬಂದು ನೀನು ಕೊಟ್ಟುಹೋದ ನಿನ್ನ ಸಂಶೋಧನಾ ಪೇಪರುಗಳ ಪಟ್ಟಿಯನ್ನು ರಾತ್ರಿ ಎರಡು ಸಲ ಓದಿದೆ. ಎಂಡಿ ಪೆಥಾಲಜಿ ಎರಡನೇ ವರ್ಷಕ್ಕೇ ಒಂಬತ್ತು ಪೇಪರ್! ಥಲಸೇಮಿಯಾ, ಲ್ಯುಕೇಮಿಯಾ, ಮೈಲೋಮಾ, ಲಿಂಫೋಮಾ, ಕೊನೆಗೊಂದು ಸ್ತನ ಕ್ಯಾನ್ಸರ್. ನಮ್ಮ ಕಾಲಕ್ಕೆ ಇಷ್ಟಾಗಲು ಅರ್ಧ ಸರ್ವಿಸ್ ಬೇಕಿತ್ತು. ಪ್ರತಿಯೊಂದರ ಪಕ್ಕ ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ ಬರೆದಿದ್ದೇನೆ, ಬೇಸರ ಮಾಡಿಕೊಳ್ಳಬೇಡ: ಇದರ ಸ್ಲೈಡ್ ನೀನು ನೋಡಿದ್ದೀಯಾ?

ನಮ್ಮ ತಳೇಗಾಂವದ ಪೈಸಾ ಫಂಡ್ ಗಾಜಿನ ಕಾರ್ಖಾನೆಯ ಸಂಗತಿ ನಿನಗೆ ಹೇಳಿದ್ದೆನಲ್ಲ. 1908ರಲ್ಲಿ, ಸ್ವದೇಶಿಯ ಕಾವಿನಲ್ಲಿ, ಜನ ಒಂದೊಂದು ಪೈಸೆ ಹಾಕಿ ಕೂಡಿಸಿದ ನಿಧಿಯಿಂದ ಎದ್ದದ್ದು ಅದು. ಅಲ್ಲಿ ಪೈಸೆಯಾದರೂ ಹಾಕಿದ್ದರು. ನಮ್ಮ ಪೇಪರುಗಳಲ್ಲಿ ಪೈಸೆ ಹಾಕದವರೂ ಲೇಖಕರ ಸಾಲಿನಲ್ಲಿ ಕೂತಿರುತ್ತಾರೆ.

ನಾನೂ ಹಾಗೆ ಕೂತವನೇ. ಬಹಳ ಹಿಂದೆ ಒಂದು ಮೈಲೋಮಾ ಕೇಸ್ ರಿಪೋರ್ಟಿನಲ್ಲಿ ನನ್ನದು ಮೂರನೇ ಹೆಸರು. ಬೋನ್ ಮ್ಯಾರೋ ಸ್ಲೈಡನ್ನು ನಾನು ಕಂಡೇ ಇರಲಿಲ್ಲ. ಪ್ರಮೋಷನ್ ಹತ್ತಿರವಿತ್ತು, ಸುಮ್ಮನಿದ್ದೆ. ಆರು ತಿಂಗಳಿಗೆ ಬೇರೆ ಊರಿನ ವೈದ್ಯರೊಬ್ಬರ ಕಾರ್ಡು ಬಂತು. ಅವರ ರೋಗಿಯೂ ಅದೇ ಥರವಂತೆ, ಪ್ಲಾಸ್ಮಾ ಕೋಶಗಳು ನೋಡಲು ಹೇಗಿದ್ದವು ಎಂದು ಕೇಳಿದ್ದರು. ‘ವಿವರ ಕಳಿಸುತ್ತೇನೆ’ ಎಂದು ಬರೆದೆ. ಕಳಿಸಲಿಲ್ಲ. ಕಳಿಸಲು ನನ್ನ ಹತ್ತಿರ ಏನಿತ್ತು? ಆ ರೋಗಿ ಏನಾದರೋ ಎಂದು ಈಗಲೂ ಒಮ್ಮೊಮ್ಮೆ ನಡುರಾತ್ರಿ ಎಚ್ಚರವಾಗುತ್ತದೆ.

ಪೇಪರ್ ಎಂದರೆ ಹೇಗಿರಬೇಕು ಎಂದರೆ ನಾನು 1952ರ ಮೇ ತಿಂಗಳ ಲ್ಯಾನ್ಸೆಟ್ ತೋರಿಸುತ್ತೇನೆ. ಎರಡೇ ಪುಟದ ಬರಹ. ಮುಂಬಯಿಯ ಭೇಂಡೆ, ದೇಶಪಾಂಡೆ, ಭಾಟಿಯಾ, ಜೊತೆಗೆ ಲಂಡನ್ನಿನ ಸ್ಯಾಂಗರ್, ರೇಸ್, ಮಾರ್ಗನ್, ವಾಟ್ಕಿನ್ಸ್. ಅವರು ಪರೀಕ್ಷಿಸಿದ ಮೂವರ ರಕ್ತದ ವಿಚಾರ. ಆ ಕೆಂಪುಕಣಗಳು ಆಂಟಿ-ಎಗೂ ಗಂಟು ಕಟ್ಟಲಿಲ್ಲ, ಆಂಟಿ-ಬಿಗೂ ಕಟ್ಟಲಿಲ್ಲ. ಅಷ್ಟಕ್ಕೇ ‘ಓ’ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆ ಮೂವರ ಸೀರಮ್‌ಗೆ ಓ ಗುಂಪಿನ ಕಣಗಳನ್ನು ಬೆರೆಸಿದರೆ ಅವೂ ಗಂಟು ಕಟ್ಟಿದವು! ಓ ಗುಂಪಿನವರಲ್ಲೂ ಇರುವ ಎಚ್ ಆಂಟಿಜನ್ ಈ ಮೂವರಲ್ಲಿ ಇರಲಿಲ್ಲ. ಅಂಥವರಿಗೆ ಓ ರಕ್ತ ಏರಿಸಿದರೆ ಪ್ರಾಣಕ್ಕೇ ಕುತ್ತು. ಇವತ್ತು ಬ್ಲಡ್ ಬ್ಯಾಂಕಿನಲ್ಲಿ ಒಂದೂ ಓ ಬ್ಯಾಗ್ ಕ್ರಾಸ್‌ಮ್ಯಾಚ್ ಆಗದಿದ್ದಾಗ ಟೆಕ್ನಿಷಿಯನ್ ‘ಬಾಂಬೆ ಗುಂಪು ಇರಬಹುದು ಸರ್’ ಎನ್ನುತ್ತಾನಲ್ಲ, ಆ ಮಾತು ಹುಟ್ಟಿದ್ದು ಆ ಎರಡು ಪುಟದಿಂದ. ಟ್ಯೂಬಿನ ತಳದಲ್ಲಿ ಇರಬಾರದ ಕಡೆ ಒಂದು ಗಂಟು ಕಂಡಿತು, ಅದನ್ನು ಬಿಡದೆ ಹಿಂಬಾಲಿಸಿದರು.

ಹೆಸರಿನ ಲೆಕ್ಕ ಯಾವಾಗಲೂ ಸರಿಹೋಗುತ್ತದೆ ಎಂದೂ ತಿಳಿಯಬೇಡ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್, ಲ್ಯುಕೇಮಿಯಾದ 16 ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟು 10 ಮಕ್ಕಳಲ್ಲಿ ಸುಧಾರಣೆ ಕಂಡದ್ದನ್ನು ಪ್ರಕಟಿಸಿದ. ಆ ಔಷಧ ಬಂದದ್ದು ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಅವರು ಲೆಡರ್ಲೆ ಔಷಧ ಕಂಪನಿಯಲ್ಲಿ ಕಟ್ಟಿದ ತಂಡದಿಂದ. ಲೇಖಕರ ಸಾಲಿನಲ್ಲಿ ಸುಬ್ಬರಾವ್ ಇಲ್ಲ. ಪೈಸೆಯಲ್ಲ, ಗಂಟನ್ನೇ ಹಾಕಿದವರು! ಅದೇ ವರ್ಷ ತೀರಿಹೋದರು. ಆದರೆ ಫಾರ್ಬರನ ಶೀರ್ಷಿಕೆಯ ಮೊದಲ ಪದ ನೋಡು, ‘ತಾತ್ಕಾಲಿಕ’. ಗುಣವಾಯಿತು ಎಂದು ಡಂಗುರ ಹೊಡೆಯಲಿಲ್ಲ. ಆ ಮಕ್ಕಳಿಗೆ ರೋಗ ಮರಳುತ್ತಿತ್ತು, ಅದನ್ನು ಹೆಸರಿನಲ್ಲೇ ಇಟ್ಟ. ನಿನ್ನ ಆರನೇ ಪೇಪರಿನ ಶೀರ್ಷಿಕೆಯಲ್ಲಿ ‘ಅಪೂರ್ವ’ ಎಂದಿದೆ. ಲೈಬ್ರರಿಯಲ್ಲಿ ಹುಡುಕಿದ್ದೀಯಾ, ಅಥವಾ ನಿಮ್ಮ ವಾರ್ಡಿಗೆ ಮಾತ್ರ ಅಪೂರ್ವವೇ?

ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುತ್ತೇವೆ ಎನ್ನುವ ಜರ್ನಲ್‌ಗಳ ಬಗ್ಗೆ ನಿನಗೆ ನಾನೇನು ಹೇಳಲಿ. ಅವರ ಮೇಲ್ ತೆರೆಯದೆ ಅಳಿಸು.

ಏಳನೆಯದು, ಆ ಹೇರಿ ಸೆಲ್ ಲ್ಯುಕೇಮಿಯಾ, ನನಗೆ ಹಿಡಿಸಿತು. ಕೋಶದ ಅಂಚಿನ ಎಳೆಗಳನ್ನು ಕೂತು ನೋಡಿಯೇ ಬರೆದಿದ್ದೀ, ವಾಕ್ಯದಲ್ಲೇ ಗೊತ್ತಾಗುತ್ತದೆ. ಅದೊಂದಕ್ಕೆ ಪ್ರಶ್ನೆ ಅಳಿಸಿದ್ದೇನೆ. ಉಳಿದ ಎಂಟಕ್ಕೆ ಉತ್ತರ ಬರೆದು ಭಾನುವಾರ ಬಾ. ಬರುವಾಗ ನಿಮ್ಮ ಮೇಡಮ್ ಒಪ್ಪಿದರೆ ಆ ಸ್ಲೈಡ್ ತಾ. ಹತ್ತಿ ಸುತ್ತಿ ತಾ, ಲೋಕಲ್‌ನ ನೂಕಾಟಕ್ಕೆ ಒಡೆದೀತು.