ಪುಂಡಿಯ ಹಗ್ಗವೂ ದನದ ಕೊರಳೂ

ಹೊನ್ನಾಳಿ ಸೀಮೆಯ ನಮ್ಮ ಗೋವಿನಕೋವಿಯಂತಹ ಊರುಗಳಲ್ಲಿ ಹಗ್ಗವಿಲ್ಲದೆ ಬೇಸಾಯ ಸಾಗದು. ಆದರೆ ಹೊಸೆದೊಡನೆ ಹಗ್ಗವು ಕಟ್ಟಲು ಯೋಗ್ಯವಾಗುವುದಿಲ್ಲ. ಹೋರಿಯಂತೆ ಅದನ್ನೂ ಪಳಗಿಸಬೇಕು.

ಪುಂಡಿಯ ಗಿಡವನ್ನು ಹೂ ಬಿಡುವ ಕಾಲಕ್ಕೆ ಕೊಯ್ದು ನೀರಿನಲ್ಲಿ ಕೊಳೆಯಿಟ್ಟರೆ, ನಾರುಗಳನ್ನು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವನ್ನು ಸೂಕ್ಷ್ಮಜೀವಿಗಳು ಕರಗಿಸುತ್ತವೆ. ಸುಲಿದು, ತೊಳೆದು, ಒಣಗಿಸಿದ ನಾರನ್ನು ಒಂದು ದಿಕ್ಕಿಗೆ ಹುರಿಮಾಡಿ, ಆ ಹುರಿಗಳನ್ನು ಕೂಡಿಸಿ ಎದುರು ದಿಕ್ಕಿಗೆ ಹೊಸೆಯುತ್ತಾರೆ. ಒಂದು ಬಿಚ್ಚಿಕೊಳ್ಳಹೋದರೆ ಇನ್ನೊಂದು ಬಿಗಿಯುವುದರಿಂದ ಹಗ್ಗ ನಿಲ್ಲುತ್ತದೆ.

ತೊಡಕು ಇರುವುದೂ ಇಲ್ಲಿಯೇ. ನೀರು ಕುಡಿದ ನಾರು ಉದ್ದಕ್ಕಿಂತ ದಪ್ಪದಲ್ಲಿ ಬಹಳ ಹೆಚ್ಚಾಗಿ ಉಬ್ಬುತ್ತದೆ. ದಪ್ಪನಾದ ಹುರಿಗಳು ಒಂದನ್ನೊಂದು ಸುತ್ತಲು ಹೆಚ್ಚು ಉದ್ದ ಬೇಕಾಗಿ, ಹಗ್ಗವೇ ಗಿಡ್ಡವಾಗುತ್ತದೆ. ಬಿಸಿಲಿನಲ್ಲಿ ಬಿಗಿದು ಕಟ್ಟಿದ ಕಣ್ಣಿಯು ಮಳೆಯ ರಾತ್ರಿ ಕರುವಿನ ಕೊರಳನ್ನು ಒತ್ತುವುದು ಈ ಕಾರಣದಿಂದ.

ಆದುದರಿಂದ ಹೊಸ ಹಗ್ಗವನ್ನು ಒಂದು ರಾತ್ರಿ ನೆನೆಯಿಟ್ಟು, ಎರಡು ಕಂಬಗಳ ನಡುವೆ ಎಳೆದು ಕಟ್ಟಿ, ನೆರಳಿನಲ್ಲಿ ಒಣಗಿಸಬೇಕು. ಮೇಲೆದ್ದ ಸಿಬಿರುಗಳನ್ನು ಹುಲ್ಲಿನ ಉರಿಯ ಮೇಲೆ ಬೇಗನೆ ಹಾಯಿಸಿ ಸುಟ್ಟು, ಒರಟು ಬಟ್ಟೆಯಿಂದ ತಿಕ್ಕಬೇಕು. ಬಳಿಕ ಅಂಗೈಗೆ ಹರಳೆಣ್ಣೆ ಸವರಿಕೊಂಡು ಒಮ್ಮೆ ನೀವಿದರೆ ಸಾಕು. ಹೆಚ್ಚಾದರೆ ಗಂಟು ಜಾರುತ್ತದೆ. ಕಟ್ಟುವಾಗ ಎರಡು ಬೆರಳು ಆಡುವಷ್ಟು ಸಡಿಲವಿರಲಿ. ಎಳೆದಷ್ಟೂ ಬಿಗಿಯುವ ಕುಣಿಕೆಯನ್ನು ಕೊರಳಿಗೆ ಎಂದಿಗೂ ಹಾಕಕೂಡದು.

ಇಂದು ನೈಲಾನ್ ಹಗ್ಗ ಸುಲಭವಾಗಿ ದೊರೆಯುತ್ತದೆ. ಅದು ಕೊಳೆಯದು, ನಿಜ. ಆದರೆ ಸಣ್ಣ ನೈಲಾನ್ ಹಗ್ಗವು ಜಗ್ಗಾಡುವ ದನದ ಚರ್ಮವನ್ನು ಕೊಯ್ಯಬಲ್ಲದು. ಅಕ್ಷರ ಕಲಿಯದ ನಮ್ಮ ಹಿರಿಯರಿಗೆ ಈ ಕ್ರಮವೆಲ್ಲ ಕೈಯಲ್ಲೇ ಇತ್ತು. ಅದರ ಕಾರಣವನ್ನು ಅರಿಯುವ ಅವಕಾಶ ನಮಗೆ ದೊರೆತಿದೆ; ಅರಿತ ಮೇಲೆ ಕೈಯ ವಿದ್ಯೆಯನ್ನು ಕೈಬಿಡದಿರುವುದು ಓದಿದವರ ಕರ್ತವ್ಯ.