ಹೆರಿಗೆ ರಜೆ ಸರಿ, ಸಂಬಳ ಕೈಗೆ ಬರುವುದು ಯಾವಾಗ?

ಹೆರಿಗೆ ರಜೆ 26 ವಾರ ಎಂಬುದು ಈಗ ಬಹಳ ಮಂದಿಗೆ ಗೊತ್ತು. ಅಷ್ಟೂ ವಾರದ ಸಂಬಳ ಯಾವ ದಿನ ಕೈಗೆ ಬರಬೇಕು ಎಂದು ಕೇಳಿನೋಡಿ, ಎಚ್‌ಆರ್‌ನವರೂ ತಡವರಿಸುತ್ತಾರೆ. ಬಾಡಿಗೆ, ಚೀಟಿ ಕಂತು ಎಲ್ಲವನ್ನೂ ಒಂದೇ ಸಂಬಳದಲ್ಲಿ ತೂಗಿಸುವ ಮನೆಯಲ್ಲಿ ಹಣ ಎರಡು ತಿಂಗಳು ತಡವಾದರೆ ಒಡವೆ ಗಿರವಿ ಅಂಗಡಿ ಸೇರುತ್ತದೆ.

1961ರ ಹೆರಿಗೆ ಸೌಲಭ್ಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮುಖ್ಯ ಹಕ್ಕುಗಳು ಹಾಗೆಯೇ ಉಳಿದಿವೆ. ಕಾರ್ಖಾನೆಗಳಲ್ಲದೆ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿ, ಸಂಸ್ಥೆಗಳಿಗೂ ಇದು ಅನ್ವಯ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಕೆಲಸ ಕಾಯಂ ಆಗಿರಬೇಕಿಲ್ಲ. ದಿನಗೂಲಿಯವರಿಗೂ ಈ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಈಗಾಗಲೇ ಇಬ್ಬರು ಮಕ್ಕಳಿರುವವರಿಗೆ ಮಾತ್ರ ರಜೆ 12 ವಾರ.

ಇನ್ನು ಹಣದ ಮಾತು. ಹೆರಿಗೆಗೆ ಮುಂಚಿನ ರಜೆಯ ಸಂಬಳವನ್ನು, ಗರ್ಭಿಣಿ ಎಂಬ ವೈದ್ಯಕೀಯ ಪತ್ರ ಕೊಟ್ಟ ಮೇಲೆ, ಮಾಲೀಕರು ಮುಂಗಡವಾಗಿಯೇ ಕೊಡಬೇಕು. ಉಳಿದದ್ದನ್ನು ಹೆರಿಗೆಯಾದ ದಾಖಲೆ ತಲುಪಿದ 48 ಗಂಟೆಯೊಳಗೆ ಕೊಡಬೇಕು. ಇದಕ್ಕೆಲ್ಲ ಬುಡ ನೀವು ಬರೆದುಕೊಡುವ ನೋಟಿಸ್. ಯಾವ ತಾರೀಖಿನಿಂದ ರಜೆ, ಹಣ ಯಾರಿಗೆ ಸಲ್ಲಬೇಕು, ಆ ಅವಧಿಯಲ್ಲಿ ಬೇರೆಲ್ಲೂ ದುಡಿಯುವುದಿಲ್ಲ ಎಂಬಿಷ್ಟು ಅದರಲ್ಲಿದ್ದರೆ ಆಯಿತು. ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಖು ಸಹಿತ ಕಚೇರಿಯ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಮೀನಮೇಷ ಎಣಿಸಿದರೆ ಸ್ಪೀಡ್ ಪೋಸ್ಟ್ ಮಾಡಿ. ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿದ್ದು ಮುಂದೆ ಕೈಹಿಡಿಯದು.

ಲೆಕ್ಕದಲ್ಲೂ ಒಂದು ಕಳ್ಳದಾರಿ ಉಂಟು. ದಿನಕ್ಕೆ 900 ರೂಪಾಯಿಯ ಕೆಲಸ ಎಂದುಕೊಳ್ಳಿ. ಭಾನುವಾರ ಬಿಟ್ಟು ವಾರಕ್ಕೆ ಆರೇ ದಿನ ಹಿಡಿದರೆ 156 ದಿನಕ್ಕೆ 1,40,400 ರೂಪಾಯಿ. ಏಳೂ ದಿನ ಹಿಡಿದರೆ 182 ದಿನಕ್ಕೆ 1,63,800. ಭಾನುವಾರವೂ ಸೇರಬೇಕು ಎಂದು ಹಳೆಯ ಕಾಯ್ದೆಯಡಿ ಸುಪ್ರೀಂ ಕೋರ್ಟ್ 1977ರಲ್ಲೇ ತೀರ್ಪು ಕೊಟ್ಟಿದೆ. ವ್ಯತ್ಯಾಸದ 23,400 ರೂಪಾಯಿ ಎಂದರೆ ಆಕೆಯ ಒಂದು ತಿಂಗಳ ದುಡಿಮೆ!

ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಟ್ಟುತ್ತಿದ್ದರೆ ಹಣ ಕೊಡುವುದು ಮಾಲೀಕರಲ್ಲ, ಇಎಸ್‌ಐ ನಿಗಮ. ಅಲ್ಲಿ ನಿಯಮ ಬೇರೆ: ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಕಟ್ಟಿರಬೇಕು. ಸಂಬಳದಲ್ಲಿ ಮುರಿದುಕೊಂಡದ್ದು ನಿಜಕ್ಕೂ ಜಮೆಯಾಗಿದೆಯೇ ಎಂದು ಐದನೇ ತಿಂಗಳಲ್ಲೇ ನೋಡಿಕೊಳ್ಳುವುದು ಜಾಣತನ.

ರಜೆಯಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆ ಬಳಸಬಹುದು, ಬಳಸಲೇಬೇಕೆಂದಿಲ್ಲ. ಮೈ ಒಗ್ಗಿದರೆ ಕೊನೆಯ ಎರಡು ವಾರಕ್ಕೆ ರಜೆ ಹಾಕಿ, ಉಳಿದ 24 ವಾರ ಮಗುವಿನ ಜೊತೆಗೆ ಇಟ್ಟುಕೊಳ್ಳಬಹುದು. ಕೂಸು ನೋಡಿಕೊಳ್ಳಲು ಸಂಬಳದ ಆಳು ಇಡಲಾಗದವರಿಗೆ ಈ ವಾರಗಳ ಬೆಲೆ ಗೊತ್ತು.

“ಈಗ ರಾಜೀನಾಮೆ ಕೊಟ್ಟು ಹೋಗಮ್ಮಾ, ಬಾಣಂತನ ಮುಗಿಸಿ ಬಂದರೆ ಮತ್ತೆ ತಗೋತೀವಿ” ಎನ್ನುವವರಿದ್ದಾರೆ. ಸಹಿ ಹಾಕಬೇಡಿ. ಹಾಕಿದರೆ ರಜೆಯ ಹಣವೂ ಹೋಯಿತು, ಗ್ರಾಚ್ಯುಟಿಗೆ ಬೇಕಾದ ಸತತ ಸೇವೆಯೂ ತುಂಡಾಯಿತು. ಹೆರಿಗೆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು, ಸೇವಾ ಷರತ್ತನ್ನು ನಷ್ಟವಾಗುವಂತೆ ಬದಲಿಸುವುದು ಎರಡೂ ಕಾನೂನುಬಾಹಿರ. ತೆಗೆದರೆ 60 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ಮೊದಲು ಹೋಗಬೇಕಾದದ್ದು ಕಾರ್ಮಿಕ ಇಲಾಖೆಯ ಕಚೇರಿಗೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಹಾಯವಾಣಿ 15100.

ಮನೆಗೆಲಸದವರು, ಸಣ್ಣ ಅಂಗಡಿಯವರು ಈ ಸಂಹಿತೆಯ ರಜೆಗೆ ಸೇರುವುದಿಲ್ಲ. ಅವರಿಗಿರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆ: ಅರ್ಹರಿಗೆ ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಅಂಗನವಾಡಿಯಲ್ಲಿ ಕೇಳಿ. ಆರು ತಿಂಗಳ ದುಡಿಮೆಗೆ ಇದು ಯಾವ ಮೂಲೆಗೂ ಸಾಲದು, ನಿಜ.

ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಸಿಗಬೇಕು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿಬರಬಹುದು. ಮನೆಯಿಂದಲೇ ಕೆಲಸ ಮಾಡುವುದು ಮಾತ್ರ ಹಕ್ಕಲ್ಲ, ಒಪ್ಪಂದ; ಮಾಲೀಕರು ಒಪ್ಪಿದರೆ ಎಷ್ಟು ದಿನ, ಎಷ್ಟು ಸಂಬಳ ಎಂದು ರಜೆ ಮುಗಿಯುವ ಮುಂಚೆಯೇ ಬರೆಸಿಕೊಳ್ಳಿ.